‘ನಾವಿರುವ ತನಕ’ ಅಂದರೆ ಎಲ್ಲಿಯ ತನಕ?

ಪತ್ರ: ನನ್ನ ಮಗನಿಗೆ ಈಗ 27. ಬುದ್ಧಿಮಾಂದ್ಯ ಎಂದು ಚಿಕ್ಕಂದಿನಲ್ಲೇ ಡಾಕ್ಟರು ಹೇಳಿದ್ದರು. 18ಕ್ಕೆ ವಿಶೇಷ ಶಾಲೆ ಮುಗಿಯಿತು. ಅಂದಿನಿಂದ ಮನೆಯಲ್ಲೇ ಇದ್ದಾನೆ. ಸ್ನಾನ, ಊಟ, ಬಟ್ಟೆ ಎಲ್ಲ ನಾನೇ ನೋಡುತ್ತೇನೆ. ಈಚೆಗೆ ಪರಿಚಯದ ಟೀಚರ್ ಒಬ್ಬರು ‘ಟೀ ಮಾಡುವುದು, ಅಂಗಡಿಗೆ ಹೋಗಿ ಬರುವುದು ಕಲಿಸಿ’ ಎಂದರು. ಒಂದು ಸಲ ಕಳಿಸಿದೆ. 100 ರೂಪಾಯಿ ಕೊಟ್ಟು ಚಿಲ್ಲರೆ ತಗೊಳ್ಳದೆ ಬಂದ. ಬೀದಿಯವರು ನಕ್ಕರು. ‘ನಾವಿರುವ ತನಕ ನೋಡಿಕೊಳ್ಳುತ್ತೇವೆ, ಈ ವಯಸ್ಸಲ್ಲಿ ಅವನಿಗೇಕೆ ಹಿಂಸೆ’ ಅನ್ನುತ್ತಾರೆ ನಮ್ಮ ಯಜಮಾನರು. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ತಿಪಟೂರು (ಹೆಸರು ಬೇಡ ಎಂದಿದ್ದಾರೆ)

ತಾಯಿ, ನಿಮ್ಮ ಪತ್ರಕ್ಕೆ ಹೋದ ಸಂಚಿಕೆಯಲ್ಲೇ ನಾಲ್ಕು ಸಾಲಿನ ಉತ್ತರ ಕೊಡಬಹುದಿತ್ತು. ಎರಡು ಸಲ ಬರೆದು ಹರಿದೆ. ಸಿಟ್ಟು ಜಾಸ್ತಿ ಬಂದುಬಿಟ್ಟಿತ್ತು, ನಿಮ್ಮ ಮೇಲಲ್ಲ ಬಿಡಿ.

ನಮ್ಮ ಚಿಕ್ಕಪ್ಪನ ಮಗ ಒಬ್ಬನಿದ್ದಾನೆ. ನಿಮ್ಮ ಮಗನ ಹಾಗೇ. ನಮ್ಮ ಚಿಕ್ಕಮ್ಮ ಅವನ ತಟ್ಟೆಗೆ ಕೈ ಹಾಕಿ ಅನ್ನ ಕಲಸಿಕೊಡುತ್ತಿದ್ದರು, ಅವನಿಗೆ ನಲವತ್ತನಾಲ್ಕು ವರ್ಷ ಆಗುವ ತನಕ. ಊರೆಲ್ಲ ಹೊಗಳುತ್ತಿತ್ತು, ಎಂಥ ತಾಯಿ ಅಂತ. ನಾನೂ ಹೊಗಳಿದವನೇ. ಒಂದು ಬೆಳಗ್ಗೆ ಚಿಕ್ಕಮ್ಮ ಹೋಗಿಬಿಟ್ಟರು. ಹನ್ನೊಂದನೆಯ ದಿನ ಮನೆ ತುಂಬ ಜನ, ಇವನನ್ನು ಯಾರು ಇಟ್ಟುಕೊಳ್ಳುವುದು ಎಂದು ಹಿರಿಯರು ಒಳಗೆ ಪಿಸುಪಿಸು ಮಾತಾಡುತ್ತಿದ್ದಾರೆ, ಇವನು ಎಲೆ ಮುಂದೆ ಕೂತು ಒಬ್ಬೊಬ್ಬರ ಮುಖ ನೋಡುತ್ತಿದ್ದಾನೆ. ಅನ್ನ ಇದೆ, ಸಾರಿದೆ, ಕಲಸುವವರಿಲ್ಲ. ಆವತ್ತು ನನಗೆ ಪಾಯಸ ಇಳಿಯಲಿಲ್ಲ.

ಅವನನ್ನು ಕರೆದುಕೊಂಡು ಹೋದವಳು ಅವನ ತಂಗಿ. ಇಬ್ಬರು ಮಕ್ಕಳು, ಜೊತೆಗೆ ಹೊಲಿಗೆ ಕೆಲಸ. ಅವಳಿಗೆ ಕಲಸಿಕೊಡಲು ಪುರುಸೊತ್ತಿರಲಿಲ್ಲ. ಅದೇ ಅವನ ಅದೃಷ್ಟ! ಮೂರು ವಾರದಲ್ಲಿ ಅವನೇ ಕಲಸಿ ತಿನ್ನತೊಡಗಿದ. ಆಮೇಲೆ ಅಕ್ಕಿ ತೊಳೆಯುವುದು ಬಂತು. ಈಗ ಕುಕ್ಕರ್ ಅವನದೇ ಜವಾಬ್ದಾರಿ. ಎಣಿಕೆ ಬರುವುದಿಲ್ಲವಲ್ಲ, ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಾಳೆ. ಒಲೆ ಪಕ್ಕದ ಬಟ್ಟಲಲ್ಲಿ ಮೂರು ಹುಣಸೆ ಬೀಜ. ಕುಕ್ಕರ್ ಒಂದು ಸಲ ಕೂಗಿದರೆ ಒಂದು ಬೀಜ ಆಚೆ. ಬಟ್ಟಲು ಖಾಲಿಯಾದರೆ ಒಲೆ ಆಫ್. ಯಾವ ಕಾಲೇಜಲ್ಲಿ ಕಲಿತಳು ಇದನ್ನು? ಅವಳು ಎಸ್ಸೆಸ್ಸೆಲ್ಸಿ ಫೇಲು.

ನಿಮ್ಮ ಯಜಮಾನರ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಗ್ಯಾಸ್ ಅಂದರೆ ಬೆಂಕಿ, ರಸ್ತೆ ಅಂದರೆ ಲಾರಿ. ಮಗನಿಗೆ ಫಿಟ್ಸ್ ಬರುವುದಿದ್ದರೆ ಒಲೆ, ನೀರು ಎರಡರ ಹತ್ತಿರವೂ ಜೊತೆಗೆ ಒಬ್ಬರು ಇರಲೇಬೇಕು, ಡಾಕ್ಟರನ್ನು ಕೇಳದೆ ಮುಂದಕ್ಕೆ ಹೋಗಬೇಡಿ. ಕೆಲವರಿಗೆ ಏನು ಕಲಿಸಿದರೂ ಜೀವನವಿಡೀ ಒಂದು ಆಸರೆ ಬೇಕೇ ಬೇಕು. ಅದೆಲ್ಲ ಸರಿ. ಆದರೆ ‘ಹಿಂಸೆ’ ಎಂಬ ಮಾತು ಬಂತಲ್ಲ, ಅಲ್ಲಿ ನಾನು ಜಗಳಕ್ಕೇ ಬರುತ್ತೇನೆ. 27ರ ಗಂಡಸಿಗೆ ಅವನ ತಟ್ಟೆಯನ್ನು ಅವನೇ ತೊಳೆಯಲು ಬಿಡದಿರುವುದು ಯಾವ ಲೆಕ್ಕದಲ್ಲಿ ದಯೆ?

ಅಮೆರಿಕದ ರಾಬರ್ಟ್ ಪರ್ಸ್ಕಿ ಎಂಬುವರು 1972ರಲ್ಲೇ ಇದನ್ನು ಬರೆದಿದ್ದರು. ಅಪಾಯ ಎದುರಿಸುವುದರಲ್ಲೂ ಮನುಷ್ಯನಿಗೆ ಒಂದು ಘನತೆ ಇದೆ, ಅತಿಯಾಗಿ ಕಾಪಾಡಿದರೆ ಆ ಘನತೆ ಕಿತ್ತುಕೊಂಡ ಹಾಗೆ ಎಂಬ ಅರ್ಥದಲ್ಲಿ. ಅದೇ ಹೊತ್ತಿಗೆ ಮಾರ್ಕ್ ಗೋಲ್ಡ್ ಎಂಬ ಸಂಶೋಧಕ, ಇವರಿಂದ ಏನೂ ಆಗದು ಎಂದು ಜನ ಕೈಬಿಟ್ಟವರಿಗೆ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದ. ಹದಿನೈದು ಬಿಡಿಭಾಗದ ಬ್ರೇಕು, ನನ್ನ ಕೈಗೆ ಕೊಟ್ಟರೆ ನಾಲ್ಕು ಉಳಿಸಿ ಜೋಡಿಸಿಯೇನು! ಬಾಯಿ ಮಾತು ಕಡಿಮೆ, ಕೆಲಸವನ್ನು ಚೂರು ಚೂರು ಮಾಡಿ ತೋರಿಸುವುದು ಜಾಸ್ತಿ. ಅವನ ವಾದ ಇಷ್ಟೇ, ಕಲಿಯಲಿಲ್ಲ ಅಂದರೆ ಕಲಿಸುವ ದಾರಿ ಬದಲಿಸು. ನಾವೇನು ಮಾಡುತ್ತೇವೆ? ‘ಅವನಿಗೆ ಬರಲ್ಲ’ ಎಂದು ತಟ್ಟೆ ಕಸಿದುಕೊಳ್ಳುತ್ತೇವೆ.

ಅಷ್ಟು ದೂರ ಯಾಕೆ, ನಮ್ಮ ಹುಬ್ಬಳ್ಳಿಗೇ ಬನ್ನಿ. ಮಿಟ್ಟಿ ಕೆಫೆ 2017ರಲ್ಲಿ ಶುರುವಾಗಿದ್ದು ಅಲ್ಲೇ. ಕಾಫಿ ಕೊಡುವವರು, ದುಡ್ಡು ತೆಗೆದುಕೊಳ್ಳುವವರು ನಿಮ್ಮ ಮಗನಂಥವರು, ಬೇರೆ ಬೇರೆ ವಿಕಲತೆ ಇರುವವರು. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಅವರದೊಂದು ಕೆಫೆ ತೆರೆಯಿತು. ಇವರ ಕೈಯಿಂದ ನ್ಯಾಯಮೂರ್ತಿಗಳೂ ಕಾಫಿ ಕುಡಿಯಬಹುದಂತೆ, ನಮ್ಮ ಮನೆಗಳಲ್ಲಿ ಮಾತ್ರ ‘ಅಯ್ಯೋ ಮುಟ್ಟಬೇಡ, ಸುಟ್ಟೀತು’.

ವಿಶೇಷ ಶಾಲೆಗಳ ಮೇಲೂ ನನಗೆ ತಕರಾರಿದೆ. ಒಳ್ಳೆಯ ಶಾಲೆಗಳು ಇಲ್ಲವೆಂದಲ್ಲ, ಕಡಿಮೆ ಸಂಬಳಕ್ಕೆ ಜೀವ ತೇಯುವ ಟೀಚರುಗಳನ್ನು ನೋಡಿದ್ದೇನೆ. ಆದರೆ ಎಷ್ಟೋ ಕಡೆ ವರ್ಷಗಟ್ಟಲೆ ಅದೇ ಬಣ್ಣ ತುಂಬುವ ಪುಸ್ತಕ, ಅದೇ ಕಾಗದದ ಕವರು, ದೀಪಾವಳಿಗೆ ಹಣತೆ. ಹತ್ತು ವರ್ಷ ಹಣತೆಗೆ ಬಣ್ಣ ಬಳಿದವನ ಕೈಗೆ ಒಂದು ದಿನವಾದರೂ ಬೆಂಕಿಪೊಟ್ಟಣ ಕೊಟ್ಟಿದ್ದಾರಾ ಕೇಳಿ. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ ಬಂತೆಂದರೆ ಹಣ್ಣು ಹಂಚುವವರ ಸಾಲು. ಬಾಳೆಹಣ್ಣನ್ನೂ ಸುಲಿದೇ ಕೊಡುತ್ತಾರೆ, ಫೋಟೊಗೆ ಚೆನ್ನಾಗಿ ಕಾಣಲಿ ಅಂತ.

ಕಾನೂನಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಿಗೆ ಎಲ್ಲರ ನಡುವೆ ಬದುಕುವ ಹಕ್ಕು ಕೊಟ್ಟಿದೆ, 18ರ ತನಕ ಉಚಿತ ಶಿಕ್ಷಣವನ್ನೂ ಹೇಳಿದೆ. ಹತ್ತೊಂಬತ್ತಕ್ಕೆ? ಅಲ್ಲಿಂದಾಚೆ ಅಪ್ಪ ಅಮ್ಮನ ಮನೆಯ ಸೋಫಾ, ಟಿವಿ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದರೆ ಪೋಷಕತ್ವದ ಪತ್ರ ಸಿಗುತ್ತದೆ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚೂ ಸಿಗುತ್ತದೆ. ಇದುವರೆಗೆ ಮಾಡಿಸದಿದ್ದರೆ ಎರಡನ್ನೂ ಮಾಡಿಸಿ. ಆದರೆ ಕಾಗದಪತ್ರ ಅನ್ನ ಕಲಸುವುದಿಲ್ಲ ತಾಯಿ. ನಮ್ಮ ಚಿಕ್ಕಮ್ಮನ ಬೀರುವಿನಲ್ಲಿ ಕಾಗದಪತ್ರ ಎಲ್ಲ ಸರಿಯಾಗಿತ್ತು.

ಸುಮ್ನೆ ನಿಮ್ಮ ಮಗನನ್ನೇ ಯಾಕೆ ಅನ್ನಲಿ. ನಮ್ಮ ಮನೆಗಳಲ್ಲಿ ಗಂಡುಮಕ್ಕಳನ್ನು ಬೆಳೆಸುವುದೇ ಹೀಗೆ ಅಲ್ವಾ? ನನಗೊಬ್ಬ ಸೋದರಳಿಯ ಇದ್ದಾನೆ, ಬೆಂಗಳೂರಿನಲ್ಲಿ ಇಂಜಿನಿಯರು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ಎರಡು ತಿಂಗಳು ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸಿಕೊಂಡ. ಅವನಿಗೆ ಯಾವ ಅಂಗವಿಕಲತೆಯ ಸರ್ಟಿಫಿಕೇಟೂ ಇಲ್ಲ. ಅಡುಗೆಮನೆಯಲ್ಲಿ ಅವನಿಗಿಂತ ನನ್ನ ಚಿಕ್ಕಪ್ಪನ ಮಗನೇ ವಾಸಿ.

ಸರಿ, ಟೀ ವಿಷಯಕ್ಕೆ ಬರೋಣ. ಕೊನೆಯಿಂದ ಶುರು ಮಾಡಿ. ಮೊದಲ ವಾರ ಎಲ್ಲ ನೀವೇ ಮಾಡಿ, ಲೋಟಕ್ಕೆ ಸೋಸುವುದನ್ನು ಮಾತ್ರ ಅವನಿಗೆ ಬಿಡಿ. ಕೊಂಚ ಆರಿದ ಟೀ ಆಗಲಿ. ಆಗ ಮೊದಲ ದಿನವೇ ಅವನು ‘ಮಾಡಿದ’ ಟೀ ಮನೆಯವರೆಲ್ಲ ಕುಡಿಯುತ್ತಾರೆ. ಅದು ಕೈಗೆ ಕೂತ ಮೇಲೆ ಸಕ್ಕರೆ, ಆಮೇಲೆ ಪುಡಿ, ಹೀಗೆ ಹಿಂದಕ್ಕೆ ಹೋಗಿ. ಒಲೆ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ, ಅದೂ ಸಾಧ್ಯವಿದ್ದರೆ ಇಂಡಕ್ಷನ್ ಒಲೆ. ವಾರಗಟ್ಟಲೆ ಹಿಡಿಯಬಹುದು, ತಿಂಗಳುಗಟ್ಟಲೆಯೂ ಆಗಬಹುದು.

ಚಿಲ್ಲರೆ ಮರೆತದ್ದಕ್ಕೆ ಬೇಜಾರು ಬೇಡ. 100ರ ನೋಟು ಕೊಟ್ಟು ಕಳಿಸಿದ್ದು ಮೊದಲ ಪಾಠಕ್ಕೆ ಭಾರವಾಯಿತು ಅಷ್ಟೇ. ಬರೀ ಹತ್ತರ ನೋಟು ಕೊಡಿ. ಅಂಗಡಿಯವರು ‘ಮೂವತ್ತೆರಡು’ ಅಂದರೆ ಮೂರು ನೋಟು, ಮೇಲೊಂದು ಅಂತ ಕಲಿಸಿ. ಕೂಡುವುದು ಕಳೆಯುವುದು ಬೇಕಿಲ್ಲ. ಆಮೇಲೆ ‘ಚಿಲ್ಲರೆ ಕೊಡಿ’ ಎಂದು ಕೈ ಚಾಚಿ ನಿಲ್ಲುವುದನ್ನು ಮನೆಯಲ್ಲೇ ಅಂಗಡಿ ಆಟ ಆಡಿ ರೂಢಿ ಮಾಡಿಸಿ. ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ, ಮಾತು ನಿಮ್ಮ ಜೊತೆಗಲ್ಲ, ಅವನ ಜೊತೆಗೇ ಆಡಲಿ. ನೀವು ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಅವನಿಗೆ ಕಾಣದ ಹಾಗೆ.

ಮತ್ತೆ, ಟೀ ಚೆಲ್ಲಿದರೆ ಓಡಿ ಹೋಗಿ ಒರೆಸಬೇಡಿ. ಬಟ್ಟೆ ಎಲ್ಲಿದೆ ಅಂತ ತೋರಿಸಿ.