ಹಡಗಿನಲ್ಲಿ ಐದಾರು ಅಂತಸ್ತು ಪೇರಿಸಿದ ಕಂಟೇನರುಗಳು ಬೀಳದ ಹಾಗೆ ಏನು ಮಾಡುತ್ತಾರೆ?

ಮಂಗಳೂರಿನ ಬಂದರು ಇರುವ ಪಣಂಬೂರಿನ ಬೀಚಿನಿಂದ ಹಡಗು ನೋಡಿ ನೀವು ಎರಡು ವಿಷಯ ಕೇಳಿದ್ದೀರಿ. ಹಗ್ಗವೇ ಕಾಣುವುದಿಲ್ಲ, ಬರೀ ಭಾರದ ಮೇಲೆ ನಿಂತಿರುತ್ತವಾ ಅಂತ ಒಂದು. ಮೊದಲ ಸಲ ಗೇರುಬೀಜ ಕಳಿಸುವಾಗ ನೀವು ಏನು ನೋಡಿಕೊಳ್ಳಬೇಕು ಅಂತ ಇನ್ನೊಂದು. ನಾನು ಬೈಕಂಪಾಡಿಯಲ್ಲಿ ಸರಕು ರವಾನೆಯ ಕೆಲಸದಲ್ಲಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಕಟ್ಟು ಉಂಟು ಮಾರಾಯ್ರೆ, ದೂರಕ್ಕೆ ಕಾಣುವುದಿಲ್ಲ ಅಷ್ಟೆ. ಕಂಟೇನರಿನ ಎಂಟು ಮೂಲೆಯಲ್ಲೂ ತೂತಿರುವ ದಪ್ಪ ಉಕ್ಕಿನ ಎರಕದ ತುಂಡು ಇರುತ್ತದೆ, ಕಾರ್ನರ್ ಕಾಸ್ಟಿಂಗ್ ಅಂತ. ಮೇಲಿನ ಪೆಟ್ಟಿಗೆಯ ಭಾರ ಇಳಿಯುವುದು ನಾಲ್ಕು ಮೂಲೆಗಂಬಗಳ ಮೂಲಕ, ಹಳೇ ಕಂಬದ ಮನೆಯ ಹಾಗೆ. ಸುತ್ತಲಿನ ಅಲೆಅಲೆ ತಗಡು ಎರಡು ಮಿಲಿಮೀಟರ್ ಆಸುಪಾಸಿನದ್ದು, ಪೇರಿಸಿದ ಭಾರ ಹೊರುವುದು ಅದರ ಕೆಲಸವಲ್ಲ. ಬಾಗಿಲಿನ ಮೇಲಿರುವ ಲೋಹದ ಫಲಕ ಓದಿ ನೋಡಿ: ಮೇಲೆ ಎಷ್ಟು ಭಾರ ಪೇರಿಸಬಹುದು ಅಂತ ಬರೆದಿರುತ್ತದೆ. ತುಂಬ ಪೆಟ್ಟಿಗೆಗಳಲ್ಲಿ ಅದು 1,92,000 ಕೆಜಿ.

ಒಂದರ ಮೇಲೊಂದು ಕೂರುವಾಗ ಆ ಮೂಲೆಗಳ ನಡುವೆ ಟ್ವಿಸ್ಟ್ ಲಾಕ್ ಬರುತ್ತದೆ. ಅದರ ತಲೆ ತೂತಿನೊಳಗೆ ಹೋಗಿ ತಿರುಗಿದರೆ ಮತ್ತೆ ಹೊರಗೆ ಬರುವುದಿಲ್ಲ. ಈಗಿನವು ಹೆಚ್ಚಾಗಿ ಅರೆ-ಸ್ವಯಂಚಾಲಿತ. ಕ್ರೇನ್ ಎತ್ತಿದ ಪೆಟ್ಟಿಗೆಯ ಅಡಿಗೆ ಬಂದರಿನ ಧಕ್ಕೆಯಲ್ಲೇ ಸಿಕ್ಕಿಸಿ ಬಿಡುತ್ತಾರೆ, ಮೇಲೆ ಕೂತ ಕೂಡಲೇ ಬೀಗ ಬೀಳುತ್ತದೆ. ಇಳಿಸುವಾಗ ಮಾತ್ರ ಕೈಯಿಂದ ಬಿಡಿಸಬೇಕು. ಕೈಯಲ್ಲಿ ತಿರುಗಿಸುವ ಹಳೇ ಲಾಕುಗಳಲ್ಲಿ ಎಡಕ್ಕೆ ಬೀಳುವ ಬೀಗವೂ ಬಲಕ್ಕೆ ಬೀಳುವ ಬೀಗವೂ ಉಂಟು. ಒಂದೇ ಹಡಗಿನಲ್ಲಿ ಎರಡೂ ಬೆರೆತರೆ ಕಷ್ಟ, ಹಿಡಿ ನೋಡಿದರೆ ಹಾಕಿದ ಹಾಗೆ ಕಾಣುತ್ತದೆ, ಒಳಗೆ ತೆರೆದೇ ಇರುತ್ತದೆ.

ಇದರ ಜೊತೆಗೆ ಡೆಕ್ಕಿನಿಂದ ಉಕ್ಕಿನ ಲಾಶಿಂಗ್ ರಾಡುಗಳು (ಲಾಶಿಂಗ್ ಅಂದರೆ ಬಿಗಿದು ಕಟ್ಟುವುದು) ಓರೆಯಾಗಿ ಮೇಲೇರಿ ಎರಡನೇ ಅಥವಾ ಮೂರನೇ ಪೆಟ್ಟಿಗೆಯ ಮೂಲೆಗೆ ಸಿಕ್ಕಿಕೊಳ್ಳುತ್ತವೆ. ಕೆಳತುದಿಯಲ್ಲಿ ಟರ್ನ್‌ಬಕಲ್ ತಿರುಗಿಸಿ ಬಿಗಿ ಮಾಡುತ್ತಾರೆ. ಹಡಗು ಹೊಯ್ದಾಡಿದಾಗ ಕೆಳಗಿನ ಪೆಟ್ಟಿಗೆ ಪಕ್ಕಕ್ಕೆ ವಾಲಿ ಓರೆಯಾಗದಂತೆ ತಡೆಯುವುದು ಈ ರಾಡುಗಳು. ಅವಕ್ಕಿಂತ ಮೇಲಿನ ಅಂತಸ್ತುಗಳಿಗೆ ಟ್ವಿಸ್ಟ್ ಲಾಕ್ ಒಂದೇ ಗತಿ. ಹಡಗಿನ ಹೊಟ್ಟೆಯೊಳಗಿನ ಪೆಟ್ಟಿಗೆಗಳ ಚಿಂತೆ ಕಡಿಮೆ, ಅಲ್ಲಿ ನೆಟ್ಟಗೆ ನಿಂತ ಉಕ್ಕಿನ ಹಳಿಗಳ ನಡುವೆ ಇಳಿದು ಕೂರುತ್ತವೆ.

ಇಷ್ಟೆಲ್ಲ ಇದ್ದೂ ಪೆಟ್ಟಿಗೆಗಳು ಬೀಳುತ್ತವೆ. ನನ್ನ ಪ್ರಕಾರ ಬೀಗಕ್ಕಿಂತ ಮೊದಲು ನೋಡಬೇಕಾದ್ದು ತೂಕ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಅಂತ ಹಡಗಿನವರು ಲೆಕ್ಕ ಹಾಕುವುದು ನಾವು ಬರೆದುಕೊಟ್ಟ ಅಂಕಿ ನಂಬಿ. ಹದಿನೈದು ಟನ್ ಅಂತ ಬರೆದು ಇಪ್ಪತ್ತೈದು ತುಂಬಿಸಿದ ಪೆಟ್ಟಿಗೆ ಮೇಲೆ ಹೋಗಿ ಕೂತರೆ ಕೆಳಗಿನ ಲಾಶಿಂಗ್ ಮಾಡಿದವನು ಏನು ಮಾಡಬೇಕು? ಅದಕ್ಕೇ 2016ರ ಜುಲೈ 1ರಿಂದ ತುಂಬಿದ ಪೆಟ್ಟಿಗೆಯ ತೂಕವನ್ನು ದೃಢೀಕರಿಸಿ ಕೊಡದೆ ಹಡಗಿಗೆ ಏರಿಸುವಂತಿಲ್ಲ ಅಂತ ಅಂತರರಾಷ್ಟ್ರೀಯ ನಿಯಮ ಬಂತು.

ಹಾಗಂತ ಕೆಳಗೆ ಭಾರ ಹೆಚ್ಚಿದಷ್ಟೂ ಒಳ್ಳೆಯದು ಅಂತಲ್ಲ. ಹಡಗು ತೀರಾ ಗಟ್ಟಿ ನಿಂತರೆ ವಾಲಿದ್ದು ಥಟ್ಟನೆ ವಾಪಸ್ ಬರುತ್ತದೆ, ಆ ಜಗ್ಗಾಟ ಮೇಲಿನ ಬೀಗಗಳಿಗೆ ಬೀಳುತ್ತದೆ. 2019ರ ಜನವರಿಯಲ್ಲಿ ಉತ್ತರ ಸಮುದ್ರದಲ್ಲಿ ಎಂಎಸ್‌ಸಿ ಝೋಯಿ ಹಡಗಿನಿಂದ 342 ಪೆಟ್ಟಿಗೆ ನೀರಿಗೆ ಬಿದ್ದಾಗ ತನಿಖೆಯಲ್ಲಿ ಈ ಅತಿ ಸ್ಥಿರತೆಯ ವಿಷಯವೂ ಬಂತು.

ನಮ್ಮ ಕಡೆಯವರು ಕಂಟೇನರ್ ಅಂದರೆ ಈಗ ನೆನಪು ಮಾಡಿಕೊಳ್ಳುವುದು 2025ರ ಎರಡು ಅವಘಡ. ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಸುಮಾರು 640 ಕಂಟೇನರುಗಳೊಂದಿಗೆ ಮುಳುಗಿತು. ಜೂನಿನಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು, ಬದುಕಿದ ನಾವಿಕರನ್ನು ಪಣಂಬೂರಿಗೇ ಕರೆತಂದರು. ಎರಡನ್ನೂ ಲಾಶಿಂಗಿನ ಲೆಕ್ಕಕ್ಕೆ ಸೇರಿಸಬೇಡಿ. ಹಡಗೇ ವಾಲಿ ಮುಳುಗಿದರೆ, ಒಳಗೇ ಸ್ಫೋಟ ಆದರೆ, ಟ್ವಿಸ್ಟ್ ಲಾಕ್ ಏನು ಮಾಡೀತು?

ಇನ್ನು ನಿಮ್ಮ ಗೇರುಬೀಜ. ಹಡಗಿನ ಮೇಲಿನ ಕಟ್ಟು ನಿಮ್ಮ ಕೈಯಲ್ಲಿಲ್ಲ, ಪೆಟ್ಟಿಗೆಯೊಳಗಿನದ್ದು ನಿಮ್ಮದೇ. ರಸ್ತೆಯಲ್ಲಿ ಜೋರು ಬ್ರೇಕ್ ಹೊಡೆದರೆ ಸರಕು ತನ್ನ ತೂಕದ ಶೇಕಡಾ 80ರಷ್ಟು ಬಲದಲ್ಲಿ ಮುಂದಕ್ಕೆ ನುಗ್ಗಬಹುದು ಅಂತ ಇಟ್ಟುಕೊಂಡೇ ತುಂಬಬೇಕು. ಒರಟು ಕಡಲಲ್ಲಿ ಪಕ್ಕಕ್ಕೂ ಅಷ್ಟೇ ಲೆಕ್ಕ. ಪೆಟ್ಟಿಗೆಯ ಉದ್ದದ ಯಾವ ಅರ್ಧದಲ್ಲೂ ಸರಕಿನ ಒಟ್ಟು ತೂಕದ ಶೇಕಡಾ 60ಕ್ಕಿಂತ ಹೆಚ್ಚು ಬರಬಾರದು. ಸಾಲುಗಳ ನಡುವೆ ಸಂದು ಉಳಿದರೆ ಗಾಳಿ ತುಂಬುವ ಡನೇಜ್ ಬ್ಯಾಗ್ ಹಾಕಿಸಿ. ಬಾಗಿಲ ಹತ್ತಿರದ ಸಾಲಿಗೆ ಅಡ್ಡ ಪಟ್ಟಿಯೋ ಬಲೆಯೋ ಬೇಕೇ ಬೇಕು, ಇಲ್ಲದಿದ್ದರೆ ಆ ಕಡೆ ಬಾಗಿಲು ತೆಗೆದವನ ಮೇಲೆ ಬೀಳುತ್ತದೆ.

ಟ್ರೈಲರ್ ಹೊರಡುವ ಮೊದಲು ಪೆಟ್ಟಿಗೆಯನ್ನು ಅದಕ್ಕೆ ಹಿಡಿದಿಡುವ ಲಾಕುಗಳನ್ನೂ ನೋಡಿ. ಪೆಟ್ಟಿಗೆ ಮಗುಚಿದರೂ ಗಾಡಿ ಉಳಿಯಲಿ ಅಂತ ಲಾಕ್ ಬಿಚ್ಚಿಟ್ಟೇ ಓಡಿಸುತ್ತೇನೆ ಅನ್ನುವ ಡ್ರೈವರುಗಳ ಮಾತು ಕೇಳಿದ್ದೇನೆ. ಹೆದ್ದಾರಿಯಲ್ಲಿ ಪಕ್ಕದ ಬೈಕಿನವನ ಗತಿ ಏನು ಅಂತ ಅವರಿಗೆ ಕೇಳಬೇಕು. ಬಂದರಿನಲ್ಲಿ ಕ್ರೇನ್ ಎತ್ತುವ ಮೊದಲು ಮಾತ್ರ ಅವನ್ನು ಬಿಚ್ಚಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆಯ ಜೊತೆ ಟ್ರೈಲರೂ ಮೇಲೇಳುತ್ತದೆ. ಬಾಗಿಲು ಹಾಕುವ ಮೊದಲು ಒಳಗಿನ ಫೋಟೋ, ಹಾಕಿದ ಮೇಲೆ ಸೀಲ್ ನಂಬರಿನ ಫೋಟೋ ತೆಗೆದಿಡಿ. ಸರಕು ಹಾಳಾದರೆ ವಿಮೆ ಸರ್ವೇಯರ್ ಮೊದಲು ಕೇಳುವುದು ಅದನ್ನೇ.