ಓಲೆಗರಿಗಳಿಗಾಗಿ ಎದ್ದ ಪಗೋಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಇಬ್ಬರೂ ಶಾಲಾ ಶಿಕ್ಷಕರಾಗಿ ನಿವೃತ್ತರಾದವರು. ಚೀನಾದ ಷಿಯಾನ್ ನಗರದಲ್ಲಿ ಕೆಲಸದಲ್ಲಿರುವ ಮಗಳು ಅಕ್ಟೋಬರ್ ತಿಂಗಳಲ್ಲಿ ಬರುವಂತೆ ಕರೆದಿದ್ದಾಳೆ. ಪಾಠಪುಸ್ತಕಗಳಲ್ಲಿ ನಾವು ಕಲಿಸುತ್ತಿದ್ದ ಹ್ಯೂಯೆನ್ ತ್ಸಾಂಗ್‌ನ ಪಗೋಡ ಅಲ್ಲಿದೆಯಂತೆ. ಅದನ್ನು ನೋಡಲು ಎಷ್ಟು ಸಮಯ ಬೇಕು? ಅಲ್ಲಿ ಏನನ್ನು ಗಮನಿಸಬೇಕು?
– ಜಯನಗರದ ಓದುಗರೊಬ್ಬರು, ಬೆಂಗಳೂರು

ಉತ್ತರ: ಹತ್ತಿ ಇಳಿದು ಬರುವುದಷ್ಟೇ ಉದ್ದೇಶವಾದರೆ ಒಂದೆರಡು ಗಂಟೆ ಸಾಕು. ಆದರೆ ಆ ಕಟ್ಟಡ ಯಾವ ಕಾರಣಕ್ಕಾಗಿ ಎದ್ದಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದಾದರೆ, ಪಗೋಡಕ್ಕೂ ಅದರ ಸುತ್ತಲಿನ ವಿಹಾರಕ್ಕೂ ಒಂದು ಪೂರ್ಣ ದಿನವನ್ನು, ನಗರದ ದಕ್ಷಿಣಕ್ಕೆ ಹಳ್ಳಿಗಾಡಿನಲ್ಲಿರುವ ಶಿಂಗ್‌ಜಿಯಾವ್ ವಿಹಾರಕ್ಕೆ ಇನ್ನರ್ಧ ದಿನವನ್ನು ಮೀಸಲಿಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅಲ್ಲಿನವರು ದಾಯನ್‌ತಾ, ಅಂದರೆ ದೊಡ್ಡ ಕಾಡುಬಾತಿನ ಪಗೋಡ ಎಂದು ಕರೆಯುವ ಈ ಪಗೋಡ ಮೂಲತಃ ಒಂದು ಗ್ರಂಥಭಂಡಾರ. ಅದರಲ್ಲಿ ಇಡಲೆಂದು ತಂದ ಗ್ರಂಥಗಳು ಹೋದದ್ದು ನಮ್ಮ ದೇಶದಿಂದ.

ಹದಿನಾರು ಹದಿನೇಳು ವರ್ಷಗಳ ಪ್ರವಾಸವನ್ನು ಮುಗಿಸಿ ಹ್ಯೂಯೆನ್ ತ್ಸಾಂಗ್ 645ರಲ್ಲಿ ಟ್ಯಾಂಗ್ ಸಾಮ್ರಾಜ್ಯದ ರಾಜಧಾನಿ ಚಾಂಗಾನ್‌ಗೆ, ಅಂದರೆ ಇಂದಿನ ಷಿಯಾನ್‌ಗೆ ಮರಳಿದಾಗ, ಅವನೊಂದಿಗೆ 20 ಕುದುರೆಗಳ ಮೇಲೆ ಹೇರಿದ 657 ಗ್ರಂಥಗಳಿದ್ದವು. ಯುವರಾಜನಾಗಿದ್ದ ಲೀ ಜೀ ತನ್ನ ತಾಯಿಯ ನೆನಪಿಗಾಗಿ 648ರಲ್ಲಿ ಕಟ್ಟಿಸಿದ ತ್ಸಿಎನ್ ವಿಹಾರದಲ್ಲಿ ಅವನು ಅನುವಾದ ಕಾರ್ಯಕ್ಕೆ ಕುಳಿತನು. ಕಾಲ ಉರುಳಿದಂತೆ ಈ ಗ್ರಂಥಗಳು ಚದುರಿಹೋದಾವು, ಬೆಂಕಿಗೆ ತುತ್ತಾದಾವು ಎಂಬ ಆತಂಕ ಅವನನ್ನು ಬಿಡಲಿಲ್ಲ. ಅವುಗಳನ್ನು ಕಾಪಾಡಲು ಕಲ್ಲಿನ ಸ್ತೂಪವೊಂದು ಬೇಕೆಂದು, ಆ ವೇಳೆಗೆ ಗಾವ್‌ಜೊಂಗ್ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದಿದ್ದ ಅದೇ ಲೀ ಜೀಯಲ್ಲಿ ಕೇಳಿಕೊಂಡನು. ಕಲ್ಲಿನ ಕೆಲಸ ಸುಲಭವಲ್ಲವೆಂದು ಚಕ್ರವರ್ತಿ ಇಟ್ಟಿಗೆಗೆ ಒಪ್ಪಿಗೆ ಕೊಟ್ಟನು. 652ರಲ್ಲಿ ಭಾರತದ ಸ್ತೂಪಗಳ ಮಾದರಿಯನ್ನು ಅನುಸರಿಸಿ ಐದು ಅಂತಸ್ತಿನ ಗೋಪುರವೆದ್ದಿತು. ಆಗ ಐವತ್ತರ ಆಸುಪಾಸಿನಲ್ಲಿದ್ದ ಈ ವಿದ್ವಾಂಸ ತಾನೇ ಬುಟ್ಟಿ ಹಿಡಿದು ಇಟ್ಟಿಗೆ ಹೊತ್ತನೆಂದು ಅವನ ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತದೆ.

ಆ ಮೊದಲ ಗೋಪುರ ಉಳಿಯಲಿಲ್ಲ. ಒಳಗೆ ಮಣ್ಣು ತುಂಬಿ ಹೊರಗೆ ಇಟ್ಟಿಗೆ ಹೊದಿಸಿದ್ದರಿಂದ ಬಿರುಕುಗಳಲ್ಲಿ ಗಿಡಗಳು ಬೇರುಬಿಟ್ಟು ಅದು ಶಿಥಿಲವಾಯಿತು; ಸಾಮ್ರಾಜ್ಞಿ ವೂ ಜೆಟಿಯನ್‌ಳ ಕಾಲದಲ್ಲಿ, 701ರಿಂದ 704ರವರೆಗೆ, ಅದನ್ನು ಹೊಸದಾಗಿ ಕಟ್ಟಿಸಲಾಯಿತು. ನೀವು ಇಂದು ನೋಡುವುದು ಏಳು ಅಂತಸ್ತುಗಳ, ಸುಮಾರು 64 ಮೀಟರ್ ಎತ್ತರದ ಚೌಕಾಕಾರದ ಗೋಪುರವನ್ನು. ಹೊರಮೈಯ ಇಟ್ಟಿಗೆ ಹೊದಿಕೆ ಮಿಂಗ್ ಅರಸರ ಕಾಲದ 1604ರ ದುರಸ್ತಿಯದು. ಟ್ಯಾಂಗ್ ಕಾಲದ ದೇಹ ಅದರ ಒಳಗಿದೆ. ಆದ್ದರಿಂದ ಬರಿಯ ಹೊರನೋಟಕ್ಕೆ ತೃಪ್ತರಾಗಬೇಡಿ, ನೆಲ ಅಂತಸ್ತಿನ ಬಾಗಿಲುಗಳ ಬಳಿ ಬಹಳ ಹೊತ್ತು ನಿಲ್ಲಿ. ಬಾಗಿಲುಗಳ ಮೇಲಿನ ಕಲ್ಲುಗಳಲ್ಲಿ ಟ್ಯಾಂಗ್ ಕಾಲದ ರೇಖಾಚಿತ್ರಗಳನ್ನು ಕೊರೆಯಲಾಗಿದೆ. ಪಶ್ಚಿಮದ ಬಾಗಿಲಿನ ಮೇಲೆ ಮರದ ಮಂಟಪವೊಂದರಲ್ಲಿ ಬುದ್ಧ ಉಪದೇಶಿಸುತ್ತಿರುವ ದೃಶ್ಯವಿದ್ದು, ಅದರ ಕಂಬ, ಬೋದಿಗೆ, ಇಳಿಜಾರು ಮಾಡುಗಳು ಎಷ್ಟು ನಿಖರವಾಗಿವೆಯೆಂದರೆ, ಚೀನಾದ ವಾಸ್ತುಶಿಲ್ಪದ ಇತಿಹಾಸಕಾರ ಲಿಯಾಂಗ್ ಸಿಚೆಂಗ್ ಅಳಿದುಹೋದ ಟ್ಯಾಂಗ್ ಕಾಲದ ಮರದ ಕಟ್ಟಡಗಳ ಸ್ವರೂಪವನ್ನು ತಿಳಿಯಲು ಈ ಚಿತ್ರವನ್ನು ಆಧಾರವಾಗಿ ಬಳಸಿಕೊಂಡರು. ಜನಜಂಗುಳಿಯಲ್ಲಿ ಬಹುಪಾಲು ಮಂದಿ ತಲೆಯೆತ್ತದೆ ಒಳಗೆ ನಡೆದುಬಿಡುತ್ತಾರೆಂಬುದು ನನಗೆ ನೋವಿನ ಸಂಗತಿ. ದಕ್ಷಿಣದ ಬಾಗಿಲಿನ ಎರಡೂ ಪಕ್ಕದ ಗೂಡುಗಳಲ್ಲಿ 653ರ ಎರಡು ಶಿಲಾಶಾಸನಗಳಿವೆ. ಹ್ಯೂಯೆನ್ ತ್ಸಾಂಗ್‌ನ ಅನುವಾದಗಳಿಗೆ ಚಕ್ರವರ್ತಿ ತೈಜೊಂಗ್ ಬರೆದ ಮುನ್ನುಡಿ ಒಂದರಲ್ಲಿದೆ, ಅವನ ಮಗ ಗಾವ್‌ಜೊಂಗ್‌ನ ಬರಹ ಇನ್ನೊಂದರಲ್ಲಿದೆ. ಎರಡರ ಅಕ್ಷರಗಳೂ ಪ್ರಸಿದ್ಧ ಲಿಪಿಕಾರ ಚೂ ಸುಯಿಲಿಯಾಂಗ್‌ನವು. ಚೀನೀ ಲಿಪಿ ಬಾರದವರಿಗೂ ಆ ಗೆರೆಗಳ ಹದ ಕಣ್ಣಿಗೆ ಕಟ್ಟುತ್ತದೆ.

ನೀವು ಶಿಕ್ಷಕರಾದ್ದರಿಂದ ಇನ್ನೊಂದು ವಿಷಯವನ್ನು ಸೇರಿಸುತ್ತೇನೆ. ಟ್ಯಾಂಗ್ ಕಾಲದಲ್ಲಿ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಈ ಪಗೋಡಕ್ಕೆ ಬಂದು ತಮ್ಮ ಹೆಸರನ್ನು ಬರೆಯುವ ಪದ್ಧತಿಯಿತ್ತು. ಕವಿ ಬೈ ಜೂಯಿ ಹಾಗೆ ಬರೆದ 17 ಮಂದಿಯಲ್ಲಿ ತಾನೇ ಎಲ್ಲರಿಗಿಂತ ಕಿರಿಯನೆಂದು ಹೆಮ್ಮೆಪಟ್ಟಿದ್ದಾನೆ.

ಪಗೋಡದ ಹೆಸರಿನಲ್ಲಿರುವ ಕಾಡುಬಾತಿನ ಬಗ್ಗೆ ಹಲವು ಕಥೆಗಳಿವೆ. ಹ್ಯೂಯೆನ್ ತ್ಸಾಂಗ್ ಮಗಧದಲ್ಲಿ ಕೇಳಿ ಬರೆದಿಟ್ಟ ಕಥೆಯ ಪ್ರಕಾರ, ಊಟಕ್ಕೆ ಮಾಂಸ ದೊರೆಯದ ದಿನ ಭಿಕ್ಷುವೊಬ್ಬ ಆಕಾಶವನ್ನು ನೋಡಿ ಹಗುರವಾಗಿ ಆಡಿದ ಮಾತಿಗೆ, ಹಾರುತ್ತಿದ್ದ ಹಕ್ಕಿಯೊಂದು ಅವನ ಮುಂದೆಯೇ ಬಿದ್ದು ಪ್ರಾಣಬಿಟ್ಟಿತು. ಮನಕರಗಿದ ಭಿಕ್ಷುಗಳು ಅದನ್ನು ಬೋಧಿಸತ್ವನೆಂದು ಭಾವಿಸಿ ಮಣ್ಣುಮಾಡಿ ಮೇಲೊಂದು ಸ್ತೂಪ ಕಟ್ಟಿದರು.

ದಕ್ಷಿಣದ ಚೌಕದಲ್ಲಿ ಹ್ಯೂಯೆನ್ ತ್ಸಾಂಗ್‌ನ ದೊಡ್ಡ ಪ್ರತಿಮೆಯಿದೆ; ಅಲ್ಲಿನ ಫಲಕಗಳಲ್ಲಿ ಅವನ ಹೆಸರನ್ನು ಷುವಾನ್‌ಜಾಂಗ್ ಎಂದು ಬರೆದಿರುತ್ತಾರೆ. ಉತ್ತರದ ಚೌಕದಲ್ಲಿ ಸಂಗೀತ ಕಾರಂಜಿಯಿದೆ. ದಕ್ಷಿಣಕ್ಕೆ ಚಾಚಿಕೊಂಡಿರುವ, ದೀಪಗಳಿಂದ ಝಗಝಗಿಸುವ ಟ್ಯಾಂಗ್ ಶೈಲಿಯ ಬೀದಿ ಈ ಶತಮಾನದಲ್ಲಿ ಕಟ್ಟಿದ್ದು. ಸಂಜೆ ಅಲ್ಲಿ ಅಡ್ಡಾಡುವುದು ಸಂತೋಷವೇ, ಆದರೆ ಹಗಲಿನ ಹೊತ್ತನ್ನು ಅದಕ್ಕೆ ಕೊಡಬೇಡಿ. ಆ ಹೊತ್ತು ಸಮೀಪದ ಷಾನ್‌ಷಿ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಸಲ್ಲಬೇಕು. ಅದಕ್ಕೆ ಮುಂಗಡವಾಗಿ ಹೆಸರು ನೋಂದಾಯಿಸಬೇಕಾದ್ದರಿಂದ ಮಗಳಿಗೆ ಈಗಲೇ ತಿಳಿಸಿ.

ಶಿಂಗ್‌ಜಿಯಾವ್ ವಿಹಾರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 664ರಲ್ಲಿ ತೀರಿಕೊಂಡ ಹ್ಯೂಯೆನ್ ತ್ಸಾಂಗ್‌ನ ಅವಶೇಷಗಳನ್ನು 669ರಲ್ಲಿ ಅಲ್ಲಿಗೆ ಸಾಗಿಸಲಾಯಿತು. ಐದು ಅಂತಸ್ತಿನ ಅವನ ಸಮಾಧಿ ಪಗೋಡದ ಇಬ್ಬದಿಯಲ್ಲಿ ಕುಯಿಜಿ ಮತ್ತು ಕೊರಿಯಾದಿಂದ ಬಂದಿದ್ದ ವೊಂಚುಕ್ ಎಂಬ ಇಬ್ಬರು ಶಿಷ್ಯರ ಚಿಕ್ಕ ಪಗೋಡಗಳಿವೆ. ನಗರದ ಗದ್ದಲವಿಲ್ಲದ ಆ ಜಾಗದಲ್ಲಿ ಗುರುಶಿಷ್ಯರ ಸಂಬಂಧ ಕಲ್ಲು ಇಟ್ಟಿಗೆಗಳಲ್ಲಿ ಉಳಿದಿರುವುದನ್ನು ಜೀವನವಿಡೀ ಪಾಠ ಹೇಳಿದ ನಿಮ್ಮಂಥವರು ಖಂಡಿತ ನೋಡಬೇಕು.

ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ. ಆಗ ಇಂಥ ಸ್ಥಳಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಿಂಗಳ ಎರಡನೆಯ ವಾರ ಕಳೆದ ಮೇಲೆ ಹೊರಡಿ.

ಪ್ರಶ್ನೆ: ನಮ್ಮ ತಾಯಿಗೆ ಮಂಡಿನೋವು, ಜೊತೆಗೆ ಅವರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಷಿಯಾನ್‌ನ ಪಗೋಡವನ್ನು ಅವರಿಗೆ ತೋರಿಸಲು ಸಾಧ್ಯವೇ?
– ಮಲ್ಲೇಶ್ವರದ ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಧ್ಯವಿದೆ. ಗೋಪುರದೊಳಗೆ ಕಡಿದಾದ ಮರದ ಮೆಟ್ಟಿಲುಗಳೇ ಇರುವುದರಿಂದ ಹತ್ತುವ ಪ್ರಯತ್ನ ಬೇಡ. ವಿಹಾರದ ಪ್ರವೇಶಕ್ಕೂ ಗೋಪುರ ಹತ್ತುವುದಕ್ಕೂ ಬೇರೆಬೇರೆ ಟಿಕೆಟ್ ಇರುವುದರಿಂದ ಅವರು ಕೆಳಗೇ ಉಳಿದರೂ ನಷ್ಟವೇನಿಲ್ಲ. ಮೇಲೆ ವಿವರಿಸಿದ ಬಾಗಿಲಿನ ಕೆತ್ತನೆಗಳೂ ಶಾಸನಗಳೂ ನೆಲದ ಮಟ್ಟದಲ್ಲೇ ಇವೆ. ನಗರದ ಮೆಟ್ರೊದ 3 ಮತ್ತು 4ನೆಯ ಮಾರ್ಗಗಳು ಪಗೋಡದ ಹೆಸರಿನ ನಿಲ್ದಾಣದಲ್ಲೇ ಕೂಡುತ್ತವೆ. ಗುರುತಿಗಾಗಿ ಪಾಸ್‌ಪೋರ್ಟ್ ಸದಾ ಕೈಯಲ್ಲಿರಲಿ. ಬಹುತೇಕ ವ್ಯವಹಾರ ಫೋನ್ ಮೂಲಕ ನಡೆಯುವುದರಿಂದ ಅಲಿಪೇ ಆ್ಯಪ್‌ಗೆ ನಿಮ್ಮ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೊಂಡು ಹೋಗಿ.

ಊಟದ ವಿಷಯದಲ್ಲಿ ಚೀನಾದ ಬೌದ್ಧ ಸಂಪ್ರದಾಯ ನಿಮ್ಮ ತಾಯಿಯ ಪಕ್ಷದಲ್ಲಿದೆ. ಅಲ್ಲಿನ ಭಿಕ್ಷುಗಳು ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯಂಥ ಐದು ಘಾಟು ಪದಾರ್ಥಗಳನ್ನೂ ವರ್ಜಿಸುತ್ತಾರೆ. ನಮ್ಮ ಸಾರಿಗೆ ಅನಿವಾರ್ಯವಾದ ಇಂಗು ಕೂಡ ಆ ನಿಷೇಧದ ಪಟ್ಟಿಯಲ್ಲಿರುವುದು ಕುತೂಹಲದ ಸಂಗತಿ. ಬೌದ್ಧ ಸಸ್ಯಾಹಾರದ ಭೋಜನಾಲಯಗಳನ್ನೇ ಹುಡುಕಿ. ಮಾಮೂಲಿ ಹೋಟೆಲುಗಳಲ್ಲಿ ಮಾಂಸದ ತುಂಡು ಹಾಕದಿದ್ದರೂ ಸಾರಿನಲ್ಲಿ ಅದರ ರಸವಿರುವ ಸಾಧ್ಯತೆ ಹೆಚ್ಚು. ತಮ್ಮ ಅಗತ್ಯವನ್ನು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದನ್ನು ತಾಯಿಯವರು ಕೈಚೀಲದಲ್ಲಿ ಇಟ್ಟುಕೊಳ್ಳಲಿ.

ಪ್ರಶ್ನೆ: ಷಿಯಾನ್‌ನಲ್ಲಿ ಇನ್ನೊಂದು ಚಿಕ್ಕ ಪಗೋಡವೂ ಇದೆಯಂತೆ. ದೊಡ್ಡದನ್ನು ನೋಡಿದವರು ಅದನ್ನು ಬಿಡಬಹುದೇ?
– ರಾಜಾಜಿನಗರದ ಓದುಗರೊಬ್ಬರು, ಬೆಂಗಳೂರು

ಉತ್ತರ: ಬಿಡಬಾರದು. 707ರಿಂದ 709ರ ನಡುವೆ ಕಟ್ಟಿದ ಆ ಪಗೋಡದ ಬಾಗಿದ ಅಂಚು ದೊಡ್ಡದರ ಗಡಸು ರೇಖೆಗಳಿಗಿಂತ ನನಗೆ ಹೆಚ್ಚು ಸುಂದರವಾಗಿ ಕಾಣುತ್ತದೆ. ಸಮುದ್ರಮಾರ್ಗದಲ್ಲಿ ಭಾರತಕ್ಕೆ ಬಂದು ನಾಲಂದದಲ್ಲಿ ಓದಿದ ಚೀನೀ ಭಿಕ್ಷು ಇತ್ಸಿಂಗ್ ಗ್ರಂಥಗಳನ್ನು ಅನುವಾದಿಸಿದ್ದು ಆ ಪಗೋಡವಿರುವ ವಿಹಾರದಲ್ಲೇ. ಮೊದಲಿದ್ದ 15 ಅಂತಸ್ತುಗಳಲ್ಲಿ 1556ರ ಮಹಾಭೂಕಂಪದ ನಂತರ ಉಳಿದವು 13. ಅದೇ ಆವರಣದಲ್ಲಿ ಷಿಯಾನ್ ವಸ್ತುಸಂಗ್ರಹಾಲಯವೂ ಇದೆ. ಎರಡೂ ಪಗೋಡಗಳು ಮತ್ತು ಶಿಂಗ್‌ಜಿಯಾವ್ ವಿಹಾರದ ಪಗೋಡಗಳು 2014ರಲ್ಲಿ ರೇಷ್ಮೆ ಮಾರ್ಗದ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಪ್ರಶ್ನೆ: ಹ್ಯೂಯೆನ್ ತ್ಸಾಂಗ್ ನಮ್ಮ ಕರ್ನಾಟಕದ ಬಗ್ಗೆ ನಿಜವಾಗಿ ಬರೆದಿದ್ದಾನೆಯೇ? ಆ ಪಗೋಡಕ್ಕೂ ನಮಗೂ ಏನಾದರೂ ನಂಟಿದೆಯೇ?
– ವಿಜಯನಗರದ ಪದವಿ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಬರೆದಿದ್ದಾನೆ. 646ರಲ್ಲಿ ಸಿದ್ಧವಾದ ಅವನ ಪ್ರವಾಸ ಗ್ರಂಥದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ಹೆಸರಿದೆ. ಹರ್ಷವರ್ಧನ ಸ್ವತಃ ಸೇನೆಯನ್ನು ನಡೆಸಿ ಬಂದರೂ ಈ ನಾಡನ್ನು ಮಣಿಸಲಾಗಲಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಅದೇ ಹರ್ಷನಿಂದ ಅಪಾರ ಗೌರವವನ್ನು ಪಡೆದ ವ್ಯಕ್ತಿ ಹೀಗೆ ಬರೆದನೆಂಬುದರಿಂದಲೇ ಆ ಮಾತಿಗೆ ತೂಕ ಬಂದಿದೆ. ರವಿಕೀರ್ತಿಯ ಐಹೊಳೆ ಶಾಸನ 634ರಲ್ಲಿ ಸಾರಿದ ವಿಜಯಕ್ಕೆ ಇದು ಹೊರನಾಡಿನವನ ಸಾಕ್ಷ್ಯ. ಇಲ್ಲಿನ ಜನ ಉಪಕಾರವನ್ನು ಮರೆಯದವರು, ಅಪಕಾರವನ್ನೂ ಬಿಡದವರು, ಶತ್ರುವಿಗೆ ಮೊದಲು ಎಚ್ಚರಿಕೆ ಕೊಟ್ಟು ಆಮೇಲೆ ಆಯುಧವೆತ್ತುವವರು ಎಂದೂ ಅವನು ದಾಖಲಿಸಿದ್ದಾನೆ. ಅವನು ಹೇಳುವ ಕೊಂಕಣಪುರ ಬನವಾಸಿಯೇ, ಆನೆಗೊಂದಿಯೇ, ಬೇರೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಪಗೋಡದ ನಂಟು ಕೇವಲ ಕರ್ನಾಟಕದ್ದಲ್ಲ, ಇಡೀ ಭಾರತದ್ದು. ಗೋಪುರ ಎದ್ದ ಎರಡು ವರ್ಷಗಳ ಬಳಿಕ, 654ರಲ್ಲಿ, ಹ್ಯೂಯೆನ್ ತ್ಸಾಂಗ್ ಮಗಧದ ತನ್ನ ವಿದ್ವನ್ಮಿತ್ರರಿಗೆ ಉತ್ತರ ಬರೆಯುತ್ತಾ, ಸಿಂಧೂ ನದಿಯನ್ನು ದಾಟುವಾಗ ತನ್ನ ಗ್ರಂಥಗಳ ಒಂದು ಹೊರೆ ನೀರುಪಾಲಾಯಿತೆಂದು ತಿಳಿಸಿ, ಕಳೆದುಹೋದವುಗಳ ಪಟ್ಟಿಯನ್ನು ಲಗತ್ತಿಸಿ, ಸಾಧ್ಯವಾದರೆ ಕಳುಹಿಸಿಕೊಡಬೇಕೆಂದು ಕೋರಿದ್ದಾನೆ. ಸಾಯುವ ಹೊತ್ತಿಗೆ ಅವನು 75 ಕೃತಿಗಳನ್ನು 1,335 ಸುರುಳಿಗಳಲ್ಲಿ ಅನುವಾದಿಸಿದ್ದನು. ಸಂಸ್ಕೃತ ಮೂಲಗಳು ನಮ್ಮಲ್ಲಿ ನಶಿಸಿಹೋದ ಎಷ್ಟೋ ಗ್ರಂಥಗಳು ಇಂದು ದೊರೆಯುವುದು ಚೀನೀ ಅನುವಾದಗಳಲ್ಲಿ ಮಾತ್ರ.

ಚೀನಾಕ್ಕೆ ಹೋಗುವ ಅವಕಾಶ ನಿಮಗೆ ಸದ್ಯಕ್ಕೆ ಇಲ್ಲದಿದ್ದರೆ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿಬನ್ನಿ. ಅದರ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, 1990ರ ದಶಕದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳು ದೊರೆತಿವೆ. ಬ್ರಾಹ್ಮೀ ಲಿಪಿಯಲ್ಲಿ ಹೆಸರನ್ನು ಬರೆದಿರುವ ಅಶೋಕನ ಶಿಲ್ಪವೂ ಅವುಗಳಲ್ಲಿದೆ. ಬೆಂಗಳೂರಿನಿಂದ ಕಲಬುರಗಿಗೆ ರಾತ್ರಿಯ ರೈಲುಗಳಿವೆ. ಅಲ್ಲಿಂದ ಮುಂದೆ ಬಸ್ಸಿಗಿಂತ ಬಾಡಿಗೆ ಕಾರು ಅನುಕೂಲ.