ಒಂದೇ ಸರ್ವರ್ ಲಕ್ಷಗಟ್ಟಲೆ ಕನೆಕ್ಷನ್ ಹೇಗೆ ತಾಳಿಕೊಳ್ಳುತ್ತದೆ?

ನಿಮ್ಮ ಜಾವಾ ಚಾಟ್ ಸರ್ವರ್ ನಾಲ್ಕೈದು ಸಾವಿರ ಜನ ಬಂದ ಕೂಡಲೇ ಮಲಗಿಬಿಡುತ್ತದೆ, ದೊಡ್ಡ ಮಷೀನ್ ತೆಗೆದುಕೊಳ್ಳಬೇಕಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಚಾಟ್‌ನಲ್ಲಿ ಹೆಚ್ಚಿನವರು ಹೆಚ್ಚು ಹೊತ್ತು ಏನೂ ಕಳಿಸದೆ ಸುಮ್ನೆ ಇರುತ್ತಾರೆ. ಹಾಗೆ ಸುಮ್ನೆ ಇರುವವರಿಗೆ ನಿಮ್ಮ ಸರ್ವರ್ ಎಷ್ಟು ಖರ್ಚು ಮಾಡುತ್ತಿದೆ ಅನ್ನೋದನ್ನು ಮೊದಲು ನೋಡಿ.

ನೀವು ಪ್ರತಿ ಕನೆಕ್ಷನ್‌ಗೆ ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ತನ್ನಷ್ಟಕ್ಕೆ ನಡೆಯುವ ಕೆಲಸದ ಎಳೆ) ಕೊಟ್ಟಿದ್ದೀರಿ. 64-ಬಿಟ್ ಲಿನಕ್ಸ್‌ನಲ್ಲಿ ಜಾವಾ ಒಂದೊಂದು ಥ್ರೆಡ್‌ನ ಸ್ಟಾಕ್‌ಗೆ, ಅಂದರೆ ಅದು ತನ್ನ ಲೆಕ್ಕ ಇಟ್ಟುಕೊಳ್ಳುವ ಮೆಮೊರಿಗೆ, ಸಾಮಾನ್ಯವಾಗಿ 1 ಎಂಬಿ ಜಾಗ ಕಾದಿರಿಸುತ್ತದೆ. ಅಷ್ಟೂ ಒಮ್ಮೆಲೇ ಖರ್ಚಾಗುವುದಿಲ್ಲ, ನಿಜ. ಆದರೆ ಸಾವಿರಾರು ಥ್ರೆಡ್‌ಗಳ ನಡುವೆ ಸಿಪಿಯು ಓಡಾಡುವುದಕ್ಕೂ ಬೆಲೆ ಇದೆ ಅಲ್ವಾ?

ಇದು ಹಳೆಯ ತಲೆನೋವು. 1999ರಲ್ಲಿ ಪ್ರೋಗ್ರಾಮರ್ ಡ್ಯಾನ್ ಕೆಗೆಲ್ ಇದಕ್ಕೆ ಸಿ10ಕೆ ಎಂದು ಹೆಸರಿಟ್ಟರು: ಒಂದು ಸರ್ವರ್, ಒಂದೇ ಹೊತ್ತಿಗೆ 10,000 ಕ್ಲೈಂಟ್. ಥ್ರೆಡ್ ಬಿಟ್ಟು ಒಂದೇ ಲೂಪ್‌ನಲ್ಲಿ ಎಲ್ಲ ಸಾಕೆಟ್‌ಗಳನ್ನೂ (ಒಂದೊಂದು ಕನೆಕ್ಷನ್‌ನ ಸರ್ವರ್ ಕಡೆಯ ತುದಿ) ಗಮನಿಸುವ 'ಸೆಲೆಕ್ಟ್' ಕಾಲ್ ಆಗಲೇ ಇತ್ತು. ಆದರೆ ಅದು ಕೈ ಎತ್ತಿದ ಒಬ್ಬ ಹುಡುಗನನ್ನು ಹುಡುಕಲು ಇಡೀ ಕ್ಲಾಸಿನ ಹಾಜರಿ ಕರೆದ ಹಾಗೆ. ಹತ್ತು ಸಾಕೆಟ್‌ನಲ್ಲಿ ಮಾತ್ರ ಡೇಟಾ ಬಂದಿದ್ದರೂ ಪ್ರತಿ ಸಲ ಪೂರ್ತಿ ಪಟ್ಟಿ ನೋಡಬೇಕು.

ನನ್ನ ಮಟ್ಟಿಗೆ ದಾರಿ ತೆರೆದದ್ದು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ ಆದ ಬದಲಾವಣೆ. ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯಲ್ಲಿ 2000ದಲ್ಲಿ ಕೆ-ಕ್ಯೂ (kqueue) ಬಂತು. ಲಿನಕ್ಸ್‌ನಲ್ಲಿ 2002ರಲ್ಲಿ ಇ-ಪೋಲ್ (epoll) ಸೇರಿತು, 2003ರ ಕೊನೆಗೆ ಬಂದ 2.6 ಕರ್ನಲ್ ಜೊತೆ ಎಲ್ಲರ ಕೈಗೂ ಸಿಕ್ಕಿತು. ಎರಡರಲ್ಲೂ ಯಾವ ಸಾಕೆಟ್ ಬೇಕು ಅಂತ ಒಮ್ಮೆ ಹೇಳಿಟ್ಟರೆ ಸಾಕು. ಡೇಟಾ ಬಂದವುಗಳ ಪಟ್ಟಿಯನ್ನಷ್ಟೇ ಕರ್ನಲ್ ಕೊಡುತ್ತದೆ. ಉಳಿದವು ಒಂದಿಷ್ಟು ಮೆಮೊರಿ ಹಿಡಿದು ಕೂತಿರುತ್ತವೆ, ಸಿಪಿಯುವನ್ನು ಕಾಡುವುದಿಲ್ಲ. ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ವೆಬ್ ಸರ್ವರ್ ಎಂಜಿನ್‌ಎಕ್ಸ್ ಇದೇ ಬಲದ ಮೇಲೆ ನಿಂತಿದೆ: ಕೆಲವೇ ವರ್ಕರ್ ಪ್ರೊಸೆಸ್, ಒಂದೊಂದರಲ್ಲೂ ಸಾವಿರಾರು ಕನೆಕ್ಷನ್.

ಚಾಟ್‌ಗೆ ತೀರಾ ಹತ್ತಿರದ ಉದಾಹರಣೆ ವಾಟ್ಸಾಪ್. 2012ರ ಜನವರಿಯಲ್ಲಿ ಅವರು ಒಂದೇ ಸರ್ವರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಟಿಸಿಪಿ ಕನೆಕ್ಷನ್ ತೋರಿಸಿದರು. ಅದು ಫ್ರೀಬಿಎಸ್‌ಡಿ ಮೇಲೆ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಸುಮಾರು 100 ಜಿಬಿ ಮೆಮೊರಿ. ಎರ್ಲಾಂಗ್ ಹುಟ್ಟಿದ್ದು ಎರಿಕ್ಸನ್ ಕಂಪನಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ. ಅದರ ಒಂದು ಪ್ರೊಸೆಸ್ (ಥ್ರೆಡ್‌ನಂಥದ್ದೇ, ಆದರೆ ತೀರಾ ಹಗುರ) ಕೆಲವೇ ಕೆಬಿಯಲ್ಲಿ ಶುರುವಾಗುತ್ತದೆ. ಹಾಗಾಗಿ ಪ್ರತಿ ಬಳಕೆದಾರನಿಗೂ ಒಂದೊಂದು ಕೊಟ್ಟರೂ ಭಾರವಾಗುವುದಿಲ್ಲ. ಆ 20 ಲಕ್ಷದ ಸಂಖ್ಯೆ ಓದಿದಾಗಲೆಲ್ಲ ನನಗೆ ಈಗಲೂ ರೋಮಾಂಚನ ಆಗುತ್ತದೆ.

ಮೆಸೇಜ್‌ಗಳಿಗೆ ಕಾಫ್ಕಾ (ಮೆಸೇಜ್‌ಗಳನ್ನು ಸಾಲಾಗಿ ಇಟ್ಟು ಬೇಕಾದವರಿಗೆ ಕೊಡುವ ಸಾಫ್ಟ್‌ವೇರ್) ಹಾಕಲಾ ಅಂತಲೂ ಕೇಳಿದ್ದೀರಿ. ಲಿಂಕ್ಡ್‌ಇನ್ 2011ರಲ್ಲಿ ಓಪನ್ ಸೋರ್ಸ್ ಮಾಡಿದ ಅದರ ಜಾಣತನ ನನಗೆ ತುಂಬಾ ಇಷ್ಟ. ಬಂದ ಮೆಸೇಜನ್ನು ಫೈಲಿನ ಕೊನೆಗೆ ಸೇರಿಸುತ್ತಾ ಹೋಗುತ್ತದೆ. ಎಲ್ಲಿವರೆಗೆ ಓದಿ ಆಯ್ತು ಅನ್ನುವುದಕ್ಕೆ ಒಂದು ಸಂಖ್ಯೆ ಸಾಕು, ಪ್ರತಿ ಮೆಸೇಜ್‌ಗೂ ಬೇರೆ ಬೇರೆ ಲೆಕ್ಕ ಬೇಡ. ಆದರೆ ನಿಮ್ಮ ಗಾತ್ರಕ್ಕೆ ಈಗಲೇ ಅದು ಬೇಕಿಲ್ಲ. ಕನೆಕ್ಷನ್ ಹಿಡಿದಿಡುವ ಕಷ್ಟವನ್ನು ಅದು ಬಗೆಹರಿಸುವುದೂ ಇಲ್ಲ.

ಮೊದಲು ಯುಲಿಮಿಟ್, ಅಂದರೆ ಒಂದು ಪ್ರೊಸೆಸ್‌ಗೆ ಸಿಸ್ಟಮ್ ಹಾಕಿರುವ ಮಿತಿ ನೋಡಿ. ಎಷ್ಟೋ ಕಡೆ ಒಂದು ಪ್ರೊಸೆಸ್ 1024 ಫೈಲ್ ಮಾತ್ರ ತೆರೆಯಬಹುದು ಎಂದಿರುತ್ತದೆ, ಸಾಕೆಟ್ ಕೂಡ ಆ ಲೆಕ್ಕಕ್ಕೇ ಸೇರುತ್ತದೆ. ಆಮೇಲೆ ಜಾವಾ 21ಕ್ಕೆ ಬಂದು ವರ್ಚುವಲ್ ಥ್ರೆಡ್ ಬಳಸಿ. ನಿಮ್ಮ ಕೋಡ್ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಕಾಯುವ ಥ್ರೆಡ್ ಮಾತ್ರ ಹಗುರಾಗುತ್ತದೆ, ಒಳಗೆ ಕೆಲಸ ಮಾಡುವುದು ಅದೇ ಇ-ಪೋಲ್. ಹೊಸದಾಗಿ ಬರೆಯುವ ತಾಳ್ಮೆ ಇದ್ದರೆ ನೆಟ್ಟಿ ಎಂಬ ಜಾವಾ ಲೈಬ್ರರಿ ಕೂಡ ಒಳ್ಳೆಯದೇ. ಡೇಟಾಬೇಸ್ ಪೂಲ್ (ಡೇಟಾಬೇಸ್‌ಗೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಮಾತ್ರ ಮೊದಲಿನಷ್ಟೇ ಚಿಕ್ಕದಾಗಿರುತ್ತದೆ. ಆದ್ದರಿಂದ ಪ್ರತಿ ಮೆಸೇಜ್‌ಗೂ ಡೇಟಾಬೇಸ್‌ಗೆ ಹೋಗುತ್ತಿದ್ದರೆ ಹಲವು ಮೆಸೇಜ್ ಒಟ್ಟುಗೂಡಿಸಿ ಒಮ್ಮೆಗೇ ಬರೆಯಿರಿ. ಇಲ್ಲದಿದ್ದರೆ ಕ್ಯೂ ಅಲ್ಲಿ ಕಟ್ಟಿಕೊಳ್ಳುತ್ತದೆ.